ಜೀವವಿಜ್ಞಾನದ ಮಹಿಳೆಯರ ಕುರಿತು ನಮ್ಮ ಊರಿನಲ್ಲಿ ಉಪನ್ಯಾಸಮಾಲೆ: ಯಾರ ಬಗ್ಗೆ ಮಾತನಾಡಿಸಬೇಕು, ಹೇಗೆ ಮಾತನಾಡಿಸಬೇಕು?

ಪ್ರಶ್ನೆ: ಜೀವಶಾಸ್ತ್ರ ಉಪನ್ಯಾಸಕಿ, ಹಾವೇರಿ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ಹಾವೇರಿ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರ ಪದವಿಪೂರ್ವ ಕಾಲೇಜಿನಲ್ಲಿ ನಾನು ಹದಿನಾರು ವರ್ಷಗಳಿಂದ ಜೀವಶಾಸ್ತ್ರ ಕಲಿಸುತ್ತಿದ್ದೇನೆ. ಬರುವ ಫೆಬ್ರವರಿ 11ರ ವಿಜ್ಞಾನದಲ್ಲಿ ಮಹಿಳೆಯರು ಮತ್ತು ಬಾಲಕಿಯರ ಅಂತರರಾಷ್ಟ್ರೀಯ ದಿನಕ್ಕೂ 28ರ ರಾಷ್ಟ್ರೀಯ ವಿಜ್ಞಾನ ದಿನಕ್ಕೂ ನಡುವೆ, ಜೀವವಿಜ್ಞಾನದಲ್ಲಿ ದುಡಿದ ಮಹಿಳೆಯರನ್ನು ಕುರಿತು ನಾಲ್ಕು ಸಂಜೆಗಳ ಸಾರ್ವಜನಿಕ ಉಪನ್ಯಾಸಮಾಲೆಯನ್ನು ನಡೆಸಬೇಕೆಂದು ನಾವು ಐದಾರು ಶಿಕ್ಷಕಿಯರು ಸೇರಿ ನಿಶ್ಚಯಿಸಿದ್ದೇವೆ. ಉಪನ್ಯಾಸಗಳೆಲ್ಲ ಕನ್ನಡದಲ್ಲೇ ಇರಬೇಕು. ವಿದ್ಯಾರ್ಥಿಗಳ ಜೊತೆಗೆ ಅವರ ತಾಯಂದಿರೂ, ಅಂಗನವಾಡಿ ಕಾರ್ಯಕರ್ತೆಯರೂ, ಸಂತೆ ಮುಗಿಸಿ ಊರಿಗೆ ಮರಳುವ ರೈತರೂ ಬಂದು ಕುಳಿತು ಕೇಳುವಂತಿರಬೇಕು ಎಂಬುದು ನಮ್ಮ ಆಸೆ.

ನನ್ನ ಅಳುಕಿನ ಕಾರಣವನ್ನೂ ಹೇಳಿಬಿಡುತ್ತೇನೆ. ಎರಡು ವರ್ಷಗಳ ಹಿಂದೆ ಬೇರೊಂದು ಊರಿನಲ್ಲಿ ಇಂಥದೇ ಕಾರ್ಯಕ್ರಮಕ್ಕೆ ನನ್ನ ವಿದ್ಯಾರ್ಥಿನಿಯರನ್ನು ಕರೆದುಕೊಂಡು ಹೋಗಿದ್ದೆ. ಸ್ವಾಗತ, ದೀಪ ಬೆಳಗುವುದು, ಹಾರ ತುರಾಯಿ ಎಲ್ಲ ಮುಗಿಯುವ ಹೊತ್ತಿಗೆ ಮುಕ್ಕಾಲು ಗಂಟೆ ಕಳೆದಿತ್ತು. ಆಮೇಲೆ ಮುಖ್ಯ ಭಾಷಣಕಾರರು ಇಪ್ಪತ್ತಕ್ಕೂ ಹೆಚ್ಚು ವಿಜ್ಞಾನಿಗಳ ಹೆಸರನ್ನು, ಅವರಿಗೆ ಸಂದ ಪ್ರಶಸ್ತಿಗಳನ್ನು, ಮನೆಯನ್ನೂ ಪ್ರಯೋಗಾಲಯವನ್ನೂ ಅವರು ಸಮನಾಗಿ ತೂಗಿಸಿದ ಬಗೆಯನ್ನು ಒಂದಾದ ಮೇಲೊಂದರಂತೆ ಹೇಳುತ್ತ ಹೋದರು. ನನ್ನ ಪಕ್ಕದಲ್ಲಿ ಕುಳಿತಿದ್ದ ಹುಡುಗಿ ಮೆಲ್ಲಗೆ ಕೇಳಿದಳು: "ಮೇಡಂ, ಇವರೆಲ್ಲ ಕಂಡುಹಿಡಿದದ್ದು ಏನು?" ಆ ಪ್ರಶ್ನೆಗೆ ಅಂದಿನ ಸಭೆಯಲ್ಲಿ ಉತ್ತರ ಇರಲಿಲ್ಲ, ಮತ್ತು ಅದು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಆದ್ದರಿಂದ ಅನುಭವಿಗಳಾದ ನಿಮ್ಮಲ್ಲಿ ಕೇಳುತ್ತಿದ್ದೇನೆ. ನಾಲ್ಕೇ ಸಂಜೆಗಳಿಗೆ ಯಾರನ್ನು ಆರಿಸಿಕೊಳ್ಳುವುದು ಸೂಕ್ತ? ಅವರ ಕೆಲಸವನ್ನು, ಜೀವಕೋಶದ ಚಿತ್ರವನ್ನೂ ಎಂದೂ ನೋಡದ ಕೇಳುಗರಿಗೆ ಮುಟ್ಟಿಸುವುದು ಹೇಗೆ? ಇನ್ನೊಂದು ವಿಷಯದಲ್ಲಿ ನಮ್ಮೊಳಗೇ ಒಮ್ಮತವಿಲ್ಲ. ಜೀವರಸಾಯನ ವಿಜ್ಞಾನಿ ಕಮಲಾ ಸೊಹೋನಿಯವರ ಬಗ್ಗೆ ಮಾತನಾಡುವುದಾದರೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಂದಿನ ನಿರ್ದೇಶಕ ಸರ್ ಸಿ.ವಿ. ರಾಮನ್ ಅವರು ಆಕೆಗೆ ಪ್ರವೇಶ ನಿರಾಕರಿಸಿದ ಸಂಗತಿಯನ್ನು ಹೇಳಬೇಕಾಗುತ್ತದೆ. ರಾಮನ್ ಪರಿಣಾಮದ ನೆನಪಿಗಾಗಿಯೇ ಆಚರಿಸುವ ವಿಜ್ಞಾನ ದಿನದ ಹೊಸ್ತಿಲಲ್ಲಿ ಅದನ್ನು ಹೇಳುವುದು ಸರಿಯೇ ಎಂದು ಕೆಲವರು ಕೇಳುತ್ತಿದ್ದಾರೆ.

ಉತ್ತರ 1: ನಿವೃತ್ತ ಜೀವರಸಾಯನ ಪ್ರಾಧ್ಯಾಪಕ, ಮೈಸೂರು

ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಯನ್ನೇ ಇಡೀ ಉಪನ್ಯಾಸಮಾಲೆಯ ಅಳತೆಗೋಲಾಗಿ ಇಟ್ಟುಕೊಳ್ಳಿ ಎಂಬುದು ನನ್ನ ಮೊದಲ ಸಲಹೆ. ಒಂದು ಸಂಜೆಗೆ ಒಬ್ಬರೇ ವಿಜ್ಞಾನಿ ಇರಲಿ, ಅವರ ಒಂದೇ ಕೆಲಸ ಇರಲಿ, ಮತ್ತು ಆ ಕೆಲಸವನ್ನು ತೋರಿಸಲು ವೇದಿಕೆಯ ಮೇಲೆ ಒಂದು ವಸ್ತು ಇರಲಿ. ಆ ಒಂದು ಕೆಲಸ ಕೇಳುಗರಿಗೆ ಅರ್ಥವಾದರೆ ಅದನ್ನು ಮಾಡಿದವರ ಮೇಲಿನ ಗೌರವ ತಾನಾಗಿಯೇ ಹುಟ್ಟುತ್ತದೆ. ವಿಶೇಷಣಗಳನ್ನು ಪೇರಿಸಿ ಅದನ್ನು ಹುಟ್ಟಿಸಲಾಗದು.

ಕಮಲಾ ಸೊಹೋನಿಯವರನ್ನೇ ತೆಗೆದುಕೊಳ್ಳೋಣ. ಇಂದೋರಿನಲ್ಲಿ 1911ರಲ್ಲಿ ಹುಟ್ಟಿದ ಅವರು, ಮುಂಬಯಿ ವಿಶ್ವವಿದ್ಯಾಲಯದ ಪದವಿ ಮುಗಿಸಿ 1933ರಲ್ಲಿ ಬೆಂಗಳೂರಿಗೆ ಬಂದದ್ದು, ಅಲ್ಲಿ ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನುಗಳ ಮೇಲೆ ಕೆಲಸ ಮಾಡಿದ್ದು, ಆಮೇಲೆ ಕೇಂಬ್ರಿಜ್‌ಗೆ ಹೋಗಿ ಸಸ್ಯಗಳ ಅಂಗಾಂಶದಲ್ಲಿ ಸೈಟೋಕ್ರೋಮ್ ಸಿ ಎಂಬ ಉಸಿರಾಟದ ಪ್ರೋಟೀನು ಇರುವುದನ್ನು ತೋರಿಸಿ 1939ರಲ್ಲಿ ಡಾಕ್ಟರೇಟ್ ಪಡೆದದ್ದು, ಇಷ್ಟನ್ನು ಸಾಮಾನ್ಯವಾಗಿ ಎಲ್ಲರೂ ಹೇಳುತ್ತಾರೆ. ಆದರೆ ನಮ್ಮ ನಾಡಿನ ಕೇಳುಗರಿಗೆ ಅವರ ಕೆಲಸದ ಬಾಗಿಲು ತೆರೆಯುವುದು ಬೇರೆ ಕಡೆಯಿಂದ, ಅವರೆಕಾಳಿನಿಂದ.

ದೇಶಕ್ಕೆ ಮರಳಿದ ಮೇಲೆ, ದೆಹಲಿ ಮತ್ತು ಕೂನೂರುಗಳಲ್ಲಿ ಕೆಲಸ ಮಾಡಿ, ಮುಂಬಯಿಯ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ನೆಲೆನಿಂತ ಸೊಹೋನಿಯವರು ತಮ್ಮ ವಿದ್ಯಾರ್ಥಿಗಳೊಂದಿಗೆ ಬಡವರ ತಟ್ಟೆಯಲ್ಲಿರುವ ಕಾಳುಗಳನ್ನೇ ಪರೀಕ್ಷೆಗೆ ಎತ್ತಿಕೊಂಡರು. ನಾವು ತಿಂದ ಪ್ರೋಟೀನನ್ನು ಸಣ್ಣ ಕರುಳಿನಲ್ಲಿ ಕತ್ತರಿಸುವ ಮುಖ್ಯ ಕಿಣ್ವಗಳಲ್ಲಿ ಒಂದು ಟ್ರಿಪ್ಸಿನ್. ಅದು ಮೇದೋಜೀರಕ ಗ್ರಂಥಿಯಿಂದ ಬರುತ್ತದೆ. ಹಸಿ ಕಾಳುಗಳೊಳಗೆ ಈ ಟ್ರಿಪ್ಸಿನ್ನಿಗೆ ಅಂಟಿಕೊಂಡು ಅದರ ಬಾಯಿ ಕಟ್ಟಿಬಿಡುವ ಪ್ರೋಟೀನುಗಳಿರುತ್ತವೆ. ಅಂಥ ಪ್ರತಿರೋಧಕವನ್ನು ಅವರೆಯಿಂದ ಶುದ್ಧ ಹರಳಿನ ರೂಪದಲ್ಲಿ ಬೇರ್ಪಡಿಸಿದ ವರದಿಯನ್ನು ಸೊಹೋನಿಯವರು ತಮ್ಮ ಸಹೋದ್ಯೋಗಿಯೊಬ್ಬರ ಜೊತೆ 1955ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಕಾಳು ಚೆನ್ನಾಗಿ ಬೆಂದಾಗ ಈ ಪ್ರತಿರೋಧಕ ತನ್ನ ಶಕ್ತಿಯ ಬಹುಪಾಲನ್ನು ಕಳೆದುಕೊಳ್ಳುತ್ತದೆ. "ಕಾಳು ಹಸಿಹಸಿಯಾಗಿ ತಿನ್ನಬೇಡ, ಹೊಟ್ಟೆ ಕೆಡುತ್ತದೆ" ಎಂದು ಮಗುವಿನ ಕೈಯಿಂದ ಕಾಳು ಕಸಿದುಕೊಳ್ಳುವ ಅಜ್ಜಿಯ ಮಾತಿನ ಹಿಂದೆ ಇರುವ ರಸಾಯನ ಇದೇ, ಅಥವಾ ಅದರ ಒಂದು ಮುಖ್ಯ ಪಾಲು.

ಇದನ್ನು ವೇದಿಕೆಯ ಮೇಲೆ ಕಣ್ಣಾರೆ ತೋರಿಸಬಹುದು. ನಾನು ತರಗತಿಯಲ್ಲಿ ಹಲವು ವರ್ಷ ಮಾಡಿದ ವಿಧಾನವನ್ನು ಹೇಳುತ್ತೇನೆ. ಕೆನೆ ತೆಗೆದ ಹಾಲಿನ ಪುಡಿಯನ್ನು ನೀರಿನಲ್ಲಿ ತೆಳುವಾಗಿ ಕರಗಿಸಿ ಮೂರು ಗಾಜಿನ ನಳಿಕೆಗಳಿಗೆ ಹಾಕಿ, ಅವುಗಳನ್ನು ಉಗುರುಬೆಚ್ಚಗಿನ ನೀರಿನ ಪಾತ್ರೆಯಲ್ಲಿ ನಿಲ್ಲಿಸಿ. ಒಣ ಅವರೆಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ರುಬ್ಬಿ, ಬಟ್ಟೆಯಲ್ಲಿ ಸೋಸಿ, ಗಸಿ ಕೆಳಗಿಳಿಯುವವರೆಗೆ ಬಿಟ್ಟು ಮೇಲಿನ ತಿಳಿಯನ್ನು ತೆಗೆದಿಟ್ಟುಕೊಳ್ಳಿ. ಆ ತಿಳಿಯ ಒಂದು ಭಾಗವನ್ನು ಬಹಳ ಹೊತ್ತು ಕುದಿಸಿ ಆರಿಸಿ. ಮೊದಲ ನಳಿಕೆಗೆ ಬರಿಯ ಟ್ರಿಪ್ಸಿನ್ ದ್ರಾವಣ, ಎರಡನೆಯದಕ್ಕೆ ಹಸಿ ಅವರೆಯ ತಿಳಿಯೊಂದಿಗೆ ಬೆರೆಸಿದ ಟ್ರಿಪ್ಸಿನ್, ಮೂರನೆಯದಕ್ಕೆ ಕುದಿಸಿದ ತಿಳಿಯೊಂದಿಗೆ ಬೆರೆಸಿದ ಟ್ರಿಪ್ಸಿನ್ ಹಾಕಬೇಕು. ಕೆಲವೇ ನಿಮಿಷಗಳಲ್ಲಿ ಮೊದಲ ನಳಿಕೆಯ ಬಿಳುಪು ಕರಗಿ, ಹಿಂದೆ ಹಿಡಿದ ಕಾಗದದ ಅಕ್ಷರ ಕಾಣತೊಡಗುತ್ತದೆ; ಎರಡನೆಯದು ಹಾಲಿನಂತೆಯೇ ಉಳಿಯುತ್ತದೆ; ಮೂರನೆಯದು ತಡವಾಗಿಯಾದರೂ ತಿಳಿಯಾಗುತ್ತ ಬರುತ್ತದೆ. ಹಿಂದಿನ ಸಾಲಿನವರಿಗೂ ಕಾಣಲೆಂದು ನಳಿಕೆಗಳ ಹಿಂದೆ ದೀಪ ಇಡಿ. ನಾನು ಹೀಗೆ ಮಾಡಿದಾಗಲೆಲ್ಲ ಎರಡನೆಯ ನಳಿಕೆಯನ್ನು ನೋಡಿದ ಮಕ್ಕಳ ಮುಖದಲ್ಲಿ ಬಂದ ಬೆರಗು, ಸೊಹೋನಿಯವರ ಜೀವನಚರಿತ್ರೆಯನ್ನು ಓದಿ ಹೇಳಿದಾಗ ಬಂದದ್ದಿಲ್ಲ.

ರಾಮನ್ ಅವರ ವಿಷಯವನ್ನು ಬಿಡುವು ಮಾಡಿಕೊಂಡು ಬರೆಯುತ್ತೇನೆ. ಅದಕ್ಕೆ ಸ್ವಲ್ಪ ಎಚ್ಚರದ ಮಾತು ಬೇಕು.

ಉತ್ತರ 2: ಬೀಜ ಸಂಶೋಧಕಿ, ಧಾರವಾಡ

ನಿಮ್ಮದು ಹಾವೇರಿ ಜಿಲ್ಲೆಯೆಂದು ಓದಿದ ಕೂಡಲೇ ನನಗೆ ಗೋವಿನಜೋಳ ನೆನಪಾಯಿತು. ಸುತ್ತಲೂ ಗೋವಿನಜೋಳದ ಹೊಲಗಳೇ ಇರುವ ಊರಿನಲ್ಲಿ ಬಾರ್ಬರಾ ಮೆಕ್ಲಿಂಟಾಕ್ ಅವರ ಬಗ್ಗೆ ಒಂದು ಸಂಜೆ ಮಾತನಾಡದೆ ಹೋದರೆ ಅದು ದೊಡ್ಡ ಲೋಪವಾಗುತ್ತದೆ. ಅಮೆರಿಕದಲ್ಲಿ 1902ರಲ್ಲಿ ಹುಟ್ಟಿದ ಆಕೆ ತಮ್ಮ ಜೀವಮಾನವನ್ನು ಈ ಒಂದು ಬೆಳೆಯ ವರ್ಣತಂತುಗಳನ್ನು, ಅಂದರೆ ಕೋಶದೊಳಗೆ ವಂಶವಾಹಿಗಳನ್ನು ಹೊತ್ತಿರುವ ಎಳೆಗಳನ್ನು, ಓದುವುದರಲ್ಲಿ ಕಳೆದರು.

ತೋರಿಸಬೇಕಾದ ವಸ್ತು ಒಂದು ತೆನೆ ಮಾತ್ರ, ಆದರೆ ಅದು ಬಣ್ಣದ ತೆನೆಯಾಗಿರಬೇಕು. ಕೆಲವು ತಳಿಗಳ ಗೋವಿನಜೋಳದಲ್ಲಿ ಕಾಳುಗಳು ನೇರಳೆಯಾಗಿರುತ್ತವೆ, ಕೆಲವು ಬಣ್ಣವಿಲ್ಲದೆ ಇರುತ್ತವೆ, ಇನ್ನು ಕೆಲವು ಕಾಳುಗಳ ಮೇಲೆ ನೇರಳೆಯ ಚುಕ್ಕೆಗಳು ಚೆಲ್ಲಿದಂತಿರುತ್ತವೆ. ಈ ಚುಕ್ಕೆಗಳು ಎಲ್ಲಿಂದ ಬಂದವು ಎಂಬುದೇ ಆಕೆಯ ಪ್ರಶ್ನೆ. ವರ್ಣತಂತುವಿನ ಒಂದು ತುಣುಕು ತನ್ನ ಜಾಗದಿಂದ ಎದ್ದು ಬಣ್ಣದ ವಂಶವಾಹಿಯೊಳಗೆ ಹೋಗಿ ಕುಳಿತರೆ ಬಣ್ಣ ನಿಲ್ಲುತ್ತದೆ. ಕಾಳು ಬೆಳೆಯುತ್ತಿರುವಾಗ ಯಾವುದೋ ಒಂದು ಕೋಶದಲ್ಲಿ ಆ ತುಣುಕು ಮತ್ತೆ ಎದ್ದು ಹೋದರೆ, ಆ ಕೋಶದಲ್ಲೂ ಅದರ ಮರಿಕೋಶಗಳಲ್ಲೂ ಬಣ್ಣ ಮರಳುತ್ತದೆ, ಅದೇ ಚುಕ್ಕೆ. ತುಣುಕು ಬೇಗ ಎದ್ದು ಹೋಗಿದ್ದರೆ ಚುಕ್ಕೆ ದೊಡ್ಡದು, ತಡವಾಗಿ ಹೋಗಿದ್ದರೆ ಚಿಕ್ಕದು. ಅಂದರೆ ಚುಕ್ಕೆಯ ಗಾತ್ರವನ್ನು ನೋಡಿಯೇ ಆ ಘಟನೆ ಕಾಳಿನ ಬೆಳವಣಿಗೆಯ ಯಾವ ಹಂತದಲ್ಲಿ ನಡೆಯಿತೆಂದು ಆಕೆ ಓದಬಲ್ಲವರಾಗಿದ್ದರು. ವಂಶವಾಹಿಗಳು ಪೋಣಿಸಿದ ಮಣಿಗಳಂತೆ ತಮ್ಮ ತಮ್ಮ ಜಾಗದಲ್ಲಿ ಸ್ಥಿರವಾಗಿರುತ್ತವೆ ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ, 1951ರ ಒಂದು ವಿಚಾರಗೋಷ್ಠಿಯಲ್ಲಿ ಆಕೆ ಇದನ್ನು ಮಂಡಿಸಿದರು. ಕೇಳಿದವರಲ್ಲಿ ಹೆಚ್ಚಿನವರು ಅದನ್ನು ಒಪ್ಪಲೂ ಇಲ್ಲ, ಅರಗಿಸಿಕೊಳ್ಳಲೂ ಇಲ್ಲ. ನೊಬೆಲ್ ಪ್ರಶಸ್ತಿ ಬಂದದ್ದು 1983ರಲ್ಲಿ, ಆಕೆಗೆ ಎಂಬತ್ತೊಂದು ವರ್ಷವಾದಾಗ.

ನಿಮ್ಮ ಕಡೆ ಇದಕ್ಕೆ ಇನ್ನೊಂದು ಅನುಕೂಲವಿದೆ. ರಾಣೆಬೆನ್ನೂರು, ಹಾವೇರಿಯ ಸುತ್ತ ಹೈಬ್ರಿಡ್ ಬೀಜೋತ್ಪಾದನೆಯ ಹೊಲಗಳಲ್ಲಿ ನೂರಾರು ಹೆಣ್ಣುಮಕ್ಕಳು ಪ್ರತಿ ಹಂಗಾಮಿನಲ್ಲೂ ಕ್ರಾಸಿಂಗ್ ಕೆಲಸ ಮಾಡುತ್ತಾರೆ. ಟೊಮೆಟೊ, ಮೆಣಸಿನ ಮೊಗ್ಗುಗಳನ್ನು ಅವು ಅರಳುವ ಮುಂಚೆಯೇ ಚಿಮಟಿಗೆಯಿಂದ ಬಿಡಿಸಿ, ಗಂಡು ಭಾಗವನ್ನು ಕಿತ್ತು, ಮರುದಿನ ಬೇರೆ ಗಿಡದ ಪರಾಗವನ್ನು ಮುಟ್ಟಿಸುತ್ತಾರೆ. ಮೆಕ್ಲಿಂಟಾಕ್ ತಮ್ಮ ಹೊಲದಲ್ಲಿ ತಾವೇ ಮಾಡುತ್ತಿದ್ದ ಕೆಲಸವೂ ಇದೇ ಜಾತಿಯದು. ತೆನೆಯ ಎಳೆಗಳು ಹೊರಬರುವ ಮುಂಚೆ ಚೀಲ ಕಟ್ಟಿ, ತಾವು ಬಯಸಿದ ಗಿಡದ ಪರಾಗವನ್ನು ಮಾತ್ರ ಅವುಗಳ ಮೇಲೆ ಉದುರಿಸಿ, ಯಾವ ತೆನೆಗೆ ಯಾರು ತಾಯಿ ಯಾರು ತಂದೆ ಎಂದು ಬರೆದಿಟ್ಟುಕೊಳ್ಳುತ್ತಿದ್ದರು. ಕ್ರಾಸಿಂಗ್ ಕೆಲಸದ ಇಬ್ಬರು ಮಹಿಳೆಯರನ್ನು ವೇದಿಕೆಗೆ ಕರೆದು, ತಾವು ಕೆಲಸ ಮಾಡುವ ರೀತಿಯನ್ನು ಅವರ ಬಾಯಿಂದಲೇ ಹೇಳಿಸಿ, ಅಲ್ಲಿಂದ ಉಪನ್ಯಾಸವನ್ನು ಮುಂದುವರಿಸಿದರೆ ಸಭೆಯಲ್ಲಿ ಒಬ್ಬರೂ ಎದ್ದು ಹೋಗಲಾರರು ಎಂದು ನಾನು ನಂಬುತ್ತೇನೆ.

ಉತ್ತರ 3: ವಿಜ್ಞಾನಾಸಕ್ತ, ಬೆಂಗಳೂರು

ಚರ್ಚೆ ಚೆನ್ನಾಗಿದೆ, ಆದರೆ ಒಂದು ಸಂದೇಹವನ್ನು ಪ್ರಾಮಾಣಿಕವಾಗಿ ಮುಂದಿಡುತ್ತೇನೆ. ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು 1962ರಲ್ಲಿ ಆರಂಭಿಸಿದ ಬೆಂಗಳೂರು ಸೈನ್ಸ್ ಫೋರಂನ ಉಪನ್ಯಾಸಗಳನ್ನು ಕೇಳುತ್ತ ಬೆಳೆದವನು ನಾನು. ಅಲ್ಲಿ ವಿಷಯವೇ ಮುಖ್ಯವಾಗಿತ್ತು, ಹೇಳುವವರು ಗಂಡೋ ಹೆಣ್ಣೋ ಎಂಬುದು ನಮಗೆ ಮುಖ್ಯವಾಗಿರಲಿಲ್ಲ. ಅವರೆಕಾಳಿನ ಪ್ರತಿರೋಧಕವನ್ನಾಗಲಿ ಗೋವಿನಜೋಳದ ಚುಕ್ಕೆಯನ್ನಾಗಲಿ ವಿಜ್ಞಾನವೆಂದೇ ಹೇಳಬಹುದಲ್ಲ. 'ಮಹಿಳಾ ವಿಜ್ಞಾನಿ' ಎಂಬ ಬೇರೆ ಪಂಕ್ತಿ ಹಾಕುವುದರಿಂದ ಅವರನ್ನು ನಾವೇ ಪ್ರತ್ಯೇಕಿಸಿದಂತೆ ಆಗುವುದಿಲ್ಲವೇ?

ಉತ್ತರ 4: ಪ್ರೌಢಶಾಲಾ ಶಿಕ್ಷಕಿ, ಬೆಳಗಾವಿ ಜಿಲ್ಲೆ

ಬೆಂಗಳೂರಿನ ಮಿತ್ರರ ಸಂದೇಹ ನ್ಯಾಯವಾದದ್ದೇ. ಆದರೆ ನಾನು ಕಲಿಸುವ ಹಳ್ಳಿಯಲ್ಲಿ ಒಂದು ವಿಷಯವನ್ನು ಹೇಳುವಾಗ, ಅದನ್ನು ಕಂಡವಳು ಒಬ್ಬ ಹೆಣ್ಣು ಎಂಬ ಸಂಗತಿಗೆ ತನ್ನದೇ ತೂಕ ಇರುವುದನ್ನು ನಾನು ನೋಡಿದ್ದೇನೆ. ಆ ವಿಷಯ, ಹುಟ್ಟುವ ಮಗು ಗಂಡೋ ಹೆಣ್ಣೋ ಎಂಬುದು ಯಾರಿಂದ ತೀರ್ಮಾನವಾಗುತ್ತದೆ ಎಂಬುದು.

ನೆಟ್ಟಿ ಸ್ಟೀವನ್ಸ್ ಅವರು 1861ರಲ್ಲಿ ಅಮೆರಿಕದಲ್ಲಿ ಹುಟ್ಟಿ, ನಮ್ಮ ಹಾಗೆಯೇ ಶಾಲೆಯಲ್ಲಿ ಪಾಠ ಹೇಳಿಕೊಂಡಿದ್ದು, ಮೂವತ್ತೈದನೆಯ ವಯಸ್ಸಿನಲ್ಲಿ ವಿಶ್ವವಿದ್ಯಾಲಯ ಸೇರಿದವರು. ಹಳೆಯ ಹಿಟ್ಟಿನಲ್ಲಿ ಬೆಳೆಯುವ ದುಂಬಿಯ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಎಣಿಸಿದಾಗ, ಹೆಣ್ಣು ದುಂಬಿಯ ಕೋಶಗಳಲ್ಲಿ ಇಪ್ಪತ್ತು ದೊಡ್ಡ ವರ್ಣತಂತುಗಳೂ, ಗಂಡು ದುಂಬಿಯ ಕೋಶಗಳಲ್ಲಿ ಹತ್ತೊಂಬತ್ತು ದೊಡ್ಡವೂ ಒಂದು ಚಿಕ್ಕದೂ ಇರುವುದು ಅವರಿಗೆ ಕಂಡಿತು. ತಾಯಿಯ ಮೊಟ್ಟೆಗಳಲ್ಲಿ ಈ ವಿಷಯದಲ್ಲಿ ಭೇದವಿಲ್ಲ. ತಂದೆಯ ವೀರ್ಯಾಣುಗಳಲ್ಲಿ ಮಾತ್ರ ಅರ್ಧಕ್ಕೆ ಹತ್ತು ದೊಡ್ಡವು, ಇನ್ನರ್ಧಕ್ಕೆ ಒಂಬತ್ತು ದೊಡ್ಡವು ಮತ್ತು ಆ ಒಂದು ಚಿಕ್ಕದು. ಚಿಕ್ಕದನ್ನು ಹೊತ್ತ ವೀರ್ಯಾಣು ಮೊಟ್ಟೆಯನ್ನು ಸೇರಿದರೆ ಗಂಡು, ಇಲ್ಲದಿದ್ದರೆ ಹೆಣ್ಣು ಎಂಬ ತೀರ್ಮಾನಕ್ಕೆ ಬಂದು ಅವರು ಅದನ್ನು 1905ರಲ್ಲಿ ಪ್ರಕಟಿಸಿದರು. ಅದೇ ಕಾಲದಲ್ಲಿ ಇ.ಬಿ. ವಿಲ್ಸನ್ ಅವರೂ ಬೇರೆ ಕೀಟಗಳಲ್ಲಿ ಇದೇ ಜಾಡಿನಲ್ಲಿದ್ದರು. ಮುಂದೆ ಮನುಷ್ಯರಲ್ಲೂ ಎಕ್ಸ್ ಮತ್ತು ವೈ ಎಂಬ ಹೆಸರಿನಲ್ಲಿ ಇದೇ ಏರ್ಪಾಡು ಇರುವುದು ತಿಳಿಯಿತು.

ಎರಡು ವರ್ಷಗಳ ಹಿಂದೆ ಪಾಲಕರ ಸಭೆಯಲ್ಲಿ ಇದನ್ನು ಬಳೆಗಳನ್ನಿಟ್ಟು ತೋರಿಸಿದೆ. ಎರಡೂ ಕಡೆಗೆ ಹತ್ತು ಹತ್ತು ಜೊತೆ ಬಳೆ ತಂದು, ತಾಯಿಯ ಕಡೆಗೆ ಇಪ್ಪತ್ತೂ ದೊಡ್ಡ ಬಳೆಗಳನ್ನು ಇಟ್ಟೆ. ತಂದೆಯ ಕಡೆಗೆ ಹತ್ತೊಂಬತ್ತು ದೊಡ್ಡ ಬಳೆ ಮತ್ತು ಒಂದು ಮಗುವಿನ ಬಳೆ. ಒಬ್ಬ ತಾಯಿಯನ್ನೇ ಕರೆದು, ಪ್ರತಿ ಜೊತೆಯಿಂದ ಒಂದೊಂದನ್ನು ಆರಿಸಿ ಮಗು ಮಾಡಮ್ಮ ಎಂದೆ. ತಾಯಿಯ ಕಡೆಯಿಂದ ಏನು ಆರಿಸಿದರೂ ಅದೇ ಬರುತ್ತದೆಂದೂ, ಚಿಕ್ಕ ಬಳೆ ಬರುವುದಾದರೆ ತಂದೆಯ ಕಡೆಯಿಂದ ಮಾತ್ರ ಬರಬೇಕೆಂದೂ ಆಕೆಗೆ ಎರಡು ಸಲ ಆಡಿದ ಮೇಲೆ ಹೊಳೆಯಿತು. ಆಕೆ ಬಳೆಗಳನ್ನು ಹಾಗೆಯೇ ಹಿಡಿದುಕೊಂಡು, "ಹಂಗಾರ ಮೂರೂ ಹೆಣ್ಣು ಹಡದಿ ಅಂತ ನನ್ನ ಅಂದಿದ್ದು ಸುಳ್ಳು" ಎಂದಳು. ಹಿಂದಿನ ಸಾಲಿನಲ್ಲಿದ್ದ ಅವಳ ಅತ್ತೆಯೂ ಅದನ್ನು ಕೇಳಿಸಿಕೊಂಡಳು. ಮೂವತ್ತೈದರ ವಯಸ್ಸಿನಲ್ಲಿ ಓದಲು ಹೊರಟ ಒಬ್ಬ ಟೀಚರು ಇದನ್ನು ಕಂಡುಹಿಡಿದಳು ಎಂದು ನಾನು ಹೇಳಿದಾಗ ಆ ತಾಯಿ ಎರಡು ಸಲ ಹೆಸರು ಕೇಳಿ ತಿಳಿದುಕೊಂಡಳು. ಹೆಸರನ್ನು ಹೇಳದೆ ಬರಿಯ ವಿಷಯವನ್ನಷ್ಟೇ ಹೇಳಿದ್ದರೆ ಏನೂ ನಷ್ಟವಾಗುತ್ತಿರಲಿಲ್ಲ ಎಂದು ನಾನು ಒಪ್ಪಲಾರೆ.

ಮಾತಿನ ಬಳಕೆಯಲ್ಲಿ ಒಂದು ಎಚ್ಚರ ಬೇಕು. ಕರಪತ್ರದಲ್ಲಿ 'ಲಿಂಗ ನಿರ್ಧಾರ' ಎಂದಷ್ಟೇ ಅಚ್ಚು ಹಾಕಿಸಿದರೆ ಜನರು ಕಾನೂನು ನಿಷೇಧಿಸಿರುವ ಭ್ರೂಣಲಿಂಗ ಪತ್ತೆಯ ವಿಷಯವೆಂದು ತಪ್ಪಾಗಿ ತಿಳಿಯುತ್ತಾರೆ. ನಮ್ಮಲ್ಲಿ ಹಾಗೆ ಆಗಿತ್ತು. 'ಮಗು ಗಂಡೋ ಹೆಣ್ಣೋ ಆಗುವುದು ಹೇಗೆ' ಎಂದು ಬಿಡಿಸಿ ಬರೆಯಿರಿ, ಮತ್ತು ಅಂಥ ಪತ್ತೆ ಅಪರಾಧ ಎಂಬುದನ್ನು ಅದೇ ಸಭೆಯಲ್ಲಿ ಹೇಳಿ.

ಉತ್ತರ 5: ನಿವೃತ್ತ ಜೀವರಸಾಯನ ಪ್ರಾಧ್ಯಾಪಕ, ಮೈಸೂರು

ಬಳೆಗಳ ಪ್ರಸಂಗವನ್ನು ಓದಿ ಬಹಳ ಸಂತೋಷವಾಯಿತು. ಈಗ ರಾಮನ್ ಅವರ ವಿಷಯ.

ಹೇಳಲೇಬೇಕು, ನೇರವಾಗಿ ಹೇಳಬೇಕು, ಮತ್ತು ಐದು ನಿಮಿಷಕ್ಕಿಂತ ಹೆಚ್ಚು ಹೇಳಬಾರದು ಎಂಬುದು ನನ್ನ ಅಭಿಪ್ರಾಯ. ಸೊಹೋನಿಯವರ ತಂದೆ ಮತ್ತು ತಂದೆಯ ಸಹೋದರ ಇಬ್ಬರೂ ಅದೇ ಸಂಸ್ಥೆಯಲ್ಲಿ ಓದಿದ ರಸಾಯನ ವಿಜ್ಞಾನಿಗಳು. ಅರ್ಹತೆಯಲ್ಲಿ ಯಾರಿಗೂ ಕಡಿಮೆಯಿಲ್ಲದ ಅವರಿಗೆ, ಹೆಣ್ಣು ಎಂಬ ಕಾರಣಕ್ಕೆ ಪ್ರವೇಶ ಸಿಗಲಿಲ್ಲ. ಪಟ್ಟು ಹಿಡಿದು ಕುಳಿತ ಮೇಲೆ, ಮೊದಲ ವರ್ಷ ಪರೀಕ್ಷಾರ್ಥವಾಗಿ ಇರಬೇಕು, ನಿರ್ದೇಶಕರಿಗೆ ತೃಪ್ತಿಯಾದರೆ ಮಾತ್ರ ಕೆಲಸಕ್ಕೆ ಮಾನ್ಯತೆ, ಅಲ್ಲಿನ ಗಂಡಸರ ಗಮನ ಕೆಡಿಸಬಾರದು ಎಂಬ ಷರತ್ತುಗಳ ಮೇಲೆ ಅವಕಾಶ ಸಿಕ್ಕಿತು. ವರ್ಷ ಕಳೆದ ಮೇಲೆ ರಾಮನ್ ಅವರಿಗೆ ತೃಪ್ತಿಯಾಯಿತು, ಆಮೇಲೆ ಹೆಣ್ಣುಮಕ್ಕಳಿಗೆ ಆ ಬಾಗಿಲು ತೆರೆಯಿತು. ಆದರೂ ಆ ಅವಮಾನವನ್ನು ಸೊಹೋನಿಯವರು ಮರೆಯಲಿಲ್ಲ, ಬಹಳ ವರ್ಷಗಳ ನಂತರ ಅದನ್ನು ಸಾರ್ವಜನಿಕವಾಗಿಯೇ ಹೇಳಿದರು. ಅದೇ ರಾಮನ್ ಅವರು 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ವಿಜ್ಞಾನ ಅಕಾಡೆಮಿಗೆ ಮರುವರ್ಷವೇ ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಫೆಲೋ ಆಗಿ ಆಯ್ಕೆಯಾದರು; 1940ರಲ್ಲಿ ಭೌತವಿಜ್ಞಾನಿ ಅನ್ನಾ ಮಣಿ ರಾಮನ್ ಅವರ ಪ್ರಯೋಗಾಲಯದಲ್ಲಿ ಸಂಶೋಧನೆಗೆ ತೊಡಗಿದರು. ಈ ಎಲ್ಲ ಸಂಗತಿಗಳನ್ನೂ ಒಟ್ಟಿಗೆ ಇಡಿ. ಬೆಳಕಿನ ಚದುರುವಿಕೆಯಲ್ಲಿ ಅವರು ಕಂಡದ್ದು ಇದರಿಂದ ಕಿರಿದಾಗುವುದಿಲ್ಲ, ಒಬ್ಬ ಯುವತಿಗೆ ಆದ ಅನ್ಯಾಯ ಅದರಿಂದ ಅಳಿಸಿಹೋಗುವುದೂ ಇಲ್ಲ. ಹದಿನೇಳು ವರ್ಷದ ಮಕ್ಕಳಿಗೆ ಎರಡನ್ನೂ ಹಿಡಿದಿಟ್ಟುಕೊಳ್ಳುವ ಶಕ್ತಿ ಇದೆ; ನಾವು ಮುಚ್ಚಿಟ್ಟರೆ ಅವರು ಬೇರೆಲ್ಲೋ ಅರ್ಧಂಬರ್ಧ ಓದುತ್ತಾರೆ.

ಜಾನಕಿ ಅಮ್ಮಾಳ್ ಅವರ ಹೆಸರು ಬಂದದ್ದರಿಂದ ಇನ್ನೊಂದು ಮಾತು. ಅಭಿಮಾನದ ಭರದಲ್ಲಿ ಉತ್ಪ್ರೇಕ್ಷೆ ನುಸುಳದಂತೆ ನೋಡಿಕೊಳ್ಳಿ. "ಭಾರತದ ಕಬ್ಬಿಗೆ ಸಿಹಿ ತಂದವರು" ಎಂದು ಅವರನ್ನು ಬಣ್ಣಿಸುವುದು ರೂಢಿಯಾಗಿದೆ. ಆದರೆ ಸಿಹಿಕಬ್ಬನ್ನೂ ಕಾಡುಕಬ್ಬನ್ನೂ ಕೂಡಿಸಿ ಕೊಯಮತ್ತೂರಿನಲ್ಲಿ ತೆಗೆದ ಸಿಒ 205 ಎಂಬ ತಳಿ 1918ರಲ್ಲೇ ಹೊರಬಂದಿತ್ತು; ಅದರ ಹಿಂದೆ ಬಾರ್ಬರ್ ಮತ್ತು ವೆಂಕಟರಾಮನ್ ಅವರ ಶ್ರಮವಿತ್ತು. ಜಾನಕಿ ಅಮ್ಮಾಳ್ ಅಲ್ಲಿಗೆ ಬಂದದ್ದು 1934ರಲ್ಲಿ. ಅವರ ನಿಜವಾದ ಸಾಧನೆ ಬೇರೆ, ಮತ್ತು ಅದು ಸಣ್ಣದಲ್ಲ: ಕಬ್ಬಿನ ಮತ್ತು ಅದರ ಬಂಧು ಹುಲ್ಲುಗಳ ವರ್ಣತಂತುಗಳನ್ನು ಎಣಿಸಿ, ಕಬ್ಬನ್ನು ಗೋವಿನಜೋಳದಂಥ ದೂರದ ಬಂಧುವಿನೊಂದಿಗೂ ಕೂಡಿಸಿ, ಬೆಳೆಗಳ ವಂಶವೃಕ್ಷವನ್ನು ಕೋಶದೊಳಗಿನಿಂದ ಓದಿದರು. ಬೆಳೆಸುವ ಸಸ್ಯಗಳ ವರ್ಣತಂತುಗಳನ್ನು ಕುರಿತು 1945ರಲ್ಲಿ ಬ್ರಿಟಿಷ್ ವಿಜ್ಞಾನಿ ಡಾರ್ಲಿಂಗ್‌ಟನ್ ಅವರೊಂದಿಗೆ ಹೊರತಂದ ಬೃಹತ್ ಗ್ರಂಥ ಆ ದಾರಿಯ ಫಲ. ನಿಮ್ಮ ಸಭೆಯ ರೈತರಿಗೆ ಸಿಒ 86032 ಕಬ್ಬು ಗೊತ್ತಿರುತ್ತದೆ. ಆ 'ಸಿಒ' ಎಂದರೆ ಕೊಯಮತ್ತೂರು ಎಂಬಲ್ಲಿಂದ ಮಾತು ಆರಂಭಿಸಿ.

ಹಾಗೆಯೇ 'ಮೊದಲ ಮಹಿಳೆ' ಎಂಬ ಪದವನ್ನು ಬಳಸುವ ಮುಂಚೆ ಎರಡು ಸಲ ಯೋಚಿಸಿ. ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಮೊದಲ ಭಾರತೀಯ ಮಹಿಳೆ ಸೊಹೋನಿ ಎಂದು ಎಷ್ಟೋ ಕಡೆ ಬರೆದಿದ್ದಾರೆ, ಆದರೆ ಜಾನಕಿ ಅಮ್ಮಾಳ್ ಅವರು ಮಿಶಿಗನ್ ವಿಶ್ವವಿದ್ಯಾಲಯದಿಂದ 1931ರಲ್ಲೇ ಡಾಕ್ಟರೇಟ್ ಪಡೆದಿದ್ದರು.

ಉತ್ತರ 6: ಅರಣ್ಯಶಾಸ್ತ್ರ ಕಲಿಸುವವ, ಉತ್ತರ ಕನ್ನಡ

ನಾಲ್ಕನೆಯ ಸಂಜೆಗೆ ತುಳಸಿ ಗೌಡ ಅವರನ್ನು ಸೇರಿಸಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ, ಹಾಲಕ್ಕಿ ಸಮುದಾಯದ ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅರಣ್ಯ ಇಲಾಖೆಯ ಸಸ್ಯಪಾಲನಾಲಯದಲ್ಲಿ ದಿನಗೂಲಿಯಾಗಿ ಸೇರಿ ದಶಕಗಳ ಕಾಲ ದುಡಿದವರು. ಪದ್ಮಶ್ರೀ ಸ್ವೀಕರಿಸಲು 2021ರಲ್ಲಿ ಬರಿಗಾಲಿನಲ್ಲಿ ನಡೆದು ಬಂದ ಅವರ ಚಿತ್ರವನ್ನು ನಾಡೆಲ್ಲ ನೋಡಿದೆ. ಅವರು 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಆದರೆ ಇಲ್ಲಿಯೂ ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಯನ್ನೇ ಕೇಳಬೇಕು. 'ವೃಕ್ಷಮಾತೆ' ಎಂದು ಕೈಮುಗಿದು ಸುಮ್ಮನಾದರೆ ಅವರಿಗೆ ಏನು ಗೊತ್ತಿತ್ತು ಎಂಬುದು ಉಳಿದೇಹೋಗುತ್ತದೆ.

ಅವರಿಗೆ ಗೊತ್ತಿದ್ದದ್ದು ಬೀಜ. ಕಾಡಿನಲ್ಲಿ ಯಾವ ಮರವನ್ನು ತಾಯಿಮರವೆಂದು ಗುರುತಿಸಿ ಅದರಿಂದ ಬೀಜ ತೆಗೆಯಬೇಕು, ಯಾವಾಗ ತೆಗೆಯಬೇಕು ಎಂಬ ತಿಳಿವಳಿಕೆಗೆ ಅವರು ಹೆಸರಾಗಿದ್ದರು. ಇದು ಎಷ್ಟು ಕಠಿಣ ಎಂಬುದು ಸಸ್ಯಪಾಲನಾಲಯದಲ್ಲಿ ಕೈ ಕೊಳೆ ಮಾಡಿಕೊಂಡವರಿಗೆ ಗೊತ್ತು. ಸಾಗುವಾನಿಯ ಗಟ್ಟಿ ಬೀಜವನ್ನು ನೆನೆಸಿ ಒಣಗಿಸಿ, ಮತ್ತೆ ನೆನೆಸಿ ಮತ್ತೆ ಒಣಗಿಸಿದರೆ ಮಾತ್ರ ಮೊಳಕೆ ಸರಿಯಾಗಿ ಬರುತ್ತದೆ. ಮಳೆಕಾಡಿನ ಸಾಲುಧೂಪದ್ದು ಅದಕ್ಕೆ ತೀರ ವಿರುದ್ಧ. ಒಣಗಿಸಿದರೆ ಬೀಜ ಸತ್ತೇಹೋಗುತ್ತದೆ, ಬಿದ್ದ ಕೆಲವೇ ದಿನಗಳಲ್ಲಿ ಮಣ್ಣಿಗೆ ಹಾಕಬೇಕು. ಎರಡೂ ಬೀಜಗಳನ್ನು ಒಂದು ತಟ್ಟೆಯಲ್ಲಿಟ್ಟು ಸಭೆಯಲ್ಲಿ ಕೈಯಿಂದ ಕೈಗೆ ದಾಟಿಸಿ. ಪ್ರಯೋಗಾಲಯದ ಪುಸ್ತಕದಲ್ಲಿ ಬರೆದಿಡುವ ಇಂಥ ಜ್ಞಾನವನ್ನು ಅಕ್ಷರವಿಲ್ಲದ ಒಬ್ಬ ಮಹಿಳೆ ನೂರಾರು ಜಾತಿಯ ಮರಗಳಿಗೆ ನೆನಪಿನಲ್ಲೇ ಇಟ್ಟುಕೊಂಡಿದ್ದರು ಎಂಬುದು ಆಗ ಕೇಳುಗರ ಅಂಗೈಗೇ ತಿಳಿಯುತ್ತದೆ.

ಪ್ರಶ್ನೆ ಕೇಳಿದವರು: ಜೀವಶಾಸ್ತ್ರ ಉಪನ್ಯಾಸಕಿ, ಹಾವೇರಿ ಜಿಲ್ಲೆ

ಎಲ್ಲರಿಗೂ ಹೃದಯಪೂರ್ವಕ ಕೃತಜ್ಞತೆಗಳು. ನಿನ್ನೆ ಸಂಜೆ ನಾವು ಸೇರಿ ತೀರ್ಮಾನ ಮಾಡಿದೆವು. ಮೊದಲ ಸಂಜೆ ಸೊಹೋನಿ, ಎರಡನೆಯದು ಸ್ಟೀವನ್ಸ್, ಮೂರನೆಯದು ಮೆಕ್ಲಿಂಟಾಕ್, ಕೊನೆಯದು ತುಳಸಿ ಗೌಡ. ಜಾನಕಿ ಅಮ್ಮಾಳ್ ಅವರನ್ನು ಬಿಡಲು ಮನಸ್ಸು ಬಾರದ ಕಾರಣ, ಕಬ್ಬಿನ ವಿಷಯವನ್ನು ಮೂರನೆಯ ಸಂಜೆಯ ಕೊನೆಯ ಹದಿನೈದು ನಿಮಿಷಕ್ಕೆ ಇಟ್ಟುಕೊಂಡಿದ್ದೇವೆ. ಹಾರ ತುರಾಯಿ ಇರುವುದಿಲ್ಲ, ಸ್ವಾಗತ ಎರಡು ನಿಮಿಷ. ರಾಮನ್ ಅವರ ಸಂಗತಿಯನ್ನು ನಾನೇ ಹೇಳುತ್ತೇನೆ. ಕ್ರಾಸಿಂಗ್ ಕೆಲಸದ ಇಬ್ಬರಲ್ಲಿ ಒಬ್ಬರು ನನ್ನ ವಿದ್ಯಾರ್ಥಿಯೊಬ್ಬನ ತಾಯಿ. ಮೊದಲು ಹಿಂಜರಿದರು, ಚಿಮಟಿಗೆ ಹಿಡಿದು ಹೂವಿನ ಮೇಲೆ ಮಾಡಿ ತೋರಿಸಿದರೆ ಸಾಕು ಎಂದ ಮೇಲೆ ಒಪ್ಪಿದರು.

ಅಂದು ನನ್ನ ಪಕ್ಕದಲ್ಲಿ ಕುಳಿತು ಪ್ರಶ್ನೆ ಕೇಳಿದ ಹುಡುಗಿ ಈಗ ಬಿ.ಎಸ್ಸಿ. ಓದುತ್ತಿದ್ದಾಳೆ. ಮೊದಲ ಸಂಜೆಯ ಮೂರು ನಳಿಕೆಗಳ ಪ್ರಯೋಗವನ್ನು ಅವಳೇ ಮಾಡಲಿದ್ದಾಳೆ. ಮೈಸೂರಿನ ಪ್ರಾಧ್ಯಾಪಕರಲ್ಲಿ ಒಂದು ಕೊನೆಯ ಪ್ರಶ್ನೆ: ಟ್ರಿಪ್ಸಿನ್ ಪುಡಿಯನ್ನು ಹುಬ್ಬಳ್ಳಿಯಿಂದ ಒಂದು ವಾರ ಮೊದಲೇ ತರಿಸಿದರೆ ಕೆಡುವುದಿಲ್ಲವೇ?

ಉತ್ತರ: ನಿವೃತ್ತ ಜೀವರಸಾಯನ ಪ್ರಾಧ್ಯಾಪಕ, ಮೈಸೂರು

ಪುಡಿಯನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಟ್ಟರೆ ಕೆಡುವುದಿಲ್ಲ. ದ್ರಾವಣವನ್ನು ಮಾತ್ರ ಮುಂಚಿತವಾಗಿ ಮಾಡಿಡಬೇಡಿ. ನೀರಿನಲ್ಲಿ ಕರಗಿದ ಟ್ರಿಪ್ಸಿನ್ ತನ್ನನ್ನು ತಾನೇ ಕತ್ತರಿಸಿಕೊಳ್ಳುತ್ತದೆ. ಸಭೆಗೆ ಒಂದು ಗಂಟೆ ಮೊದಲು ಕರಗಿಸಿ, ಹಿಂದಿನ ದಿನ ಒಮ್ಮೆ ಪೂರ್ತಿ ಮಾಡಿ ನೋಡಿಕೊಳ್ಳಲು ಆ ಹುಡುಗಿಗೆ ಹೇಳಿ. ಅವರೆ ಹಳೆಯದಾದರೂ ಪರವಾಗಿಲ್ಲ, ಹುಳು ಹಿಡಿದಿರಬಾರದು ಅಷ್ಟೇ.